ಓರೆ ಡ್ರಮ್ಮು, ನೇರ ಪ್ರಶ್ನೆ

ಕನ್ನಡದಲ್ಲಿ ‘ಹಿಡಿ’ ಎಂಬ ಪದಕ್ಕೆ ಇರುವಷ್ಟು ದುಡಿಮೆ ಬೇರೆ ಪದಗಳಿಗೆ ಇರಲಾರದು. ಕೈ ಹಿಡಿದರೆ ಮದುವೆ, ಕಾಲು ಹಿಡಿದರೆ ಶರಣಾಗತಿ, ದಾರಿ ಹಿಡಿದರೆ ಪ್ರಯಾಣ, ಹಟ ಹಿಡಿದರೆ ರಂಪಾಟ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ, ನಮ್ಮಂಥ ಉಪಾಧ್ಯಾಯರಿಗೆ ತಪ್ಪು ಹಿಡಿಯುವುದೇ ಒಂದು ಉದ್ಯೋಗ. ನಾನಾರ್ಥ ಬರೆಯಿರಿ ಎಂದು ಎಂಟನೇ ತರಗತಿಗೆ ಈ ಪದ ಕೊಟ್ಟರೆ ಕರಿಹಲಗೆ ತುಂಬಿಹೋಗುತ್ತದೆ. ನಾನು ಈಗ ಹೇಳಹೊರಟಿರುವ ಹಿಡಿತವೊಂದು ಮಾತ್ರ ಆ ಹಲಗೆಯ ಮೇಲೆ ಈವರೆಗೆ ಬಂದಿಲ್ಲ. ಅದು ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವವರು ಕಡ್ಡಿ ಹಿಡಿಯುವ ರೀತಿ.

ಇಷ್ಟು ಸಣ್ಣ ಸಂಗತಿಗೆ ಒಂದು ಪ್ರಬಂಧವೇ ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ತಾಳಿ. ಸಣ್ಣ ಸಂಗತಿಗಳಿಗೆ ಒಂದು ಅನುಕೂಲವಿದೆ. ಅವುಗಳ ಬಗ್ಗೆ ಯೋಚಿಸುವಾಗ ನಮ್ಮ ಜಾತಿ, ಪಕ್ಷ, ಮನೆತನ ಯಾವುದೂ ಅಡ್ಡ ಬರುವುದಿಲ್ಲ. ದೊಡ್ಡ ಆಚಾರಗಳನ್ನು ಮುಟ್ಟಿದರೆ ಮನಸ್ಸು ಮೊದಲೇ ಮುಷ್ಟಿ ಬಿಗಿದು ನಿಲ್ಲುತ್ತದೆ. ಡ್ರಮ್ಮಿನ ಕಡ್ಡಿಯ ಬಗ್ಗೆ ಯಾರಿಗೂ ಪೂರ್ವಗ್ರಹವಿಲ್ಲ. ಇದ್ದವರು ನನಗೆ ಸಿಕ್ಕಿದ್ದು ಇಬ್ಬರೇ, ಅವರ ಕತೆ ಮುಂದೆ ಬರುತ್ತದೆ.

ಬಿ.ಎ., ಬಿ.ಇಡಿ. ಓದಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವವಳಿಗೆ ಬ್ಯಾಂಡಿನ ಉಸ್ತುವಾರಿ ಹೇಗೆ ಬಂತು ಎಂದರೆ, ಶಾಲೆಯಲ್ಲಿ ಎಲ್ಲ ಉಸ್ತುವಾರಿಗಳೂ ಬರುವ ಹಾಗೆಯೇ ಬಂತು. ಸಿಬ್ಬಂದಿ ಸಭೆಯಲ್ಲಿ ಯಾರು ಆ ಹೊತ್ತಿಗೆ ಕಿಟಕಿಯಾಚೆ ನೋಡುತ್ತಿದ್ದರೋ ಅವರ ಹೆಸರು ಬರೆದುಕೊಂಡರು. ನಮ್ಮದು ತಾಲ್ಲೂಕು ಕೇಂದ್ರದ ಒಂದು ಅನುದಾನಿತ ಪ್ರೌಢಶಾಲೆ. ಎಂಟು ಸೈಡ್ ಡ್ರಮ್ಮು, ಒಂದು ಬೇಸ್ ಡ್ರಮ್ಮು, ಎರಡು ಜೊತೆ ದೊಡ್ಡ ತಾಳ, ಹತ್ತು ಹನ್ನೆರಡು ಕೊಳಲು, ಇಷ್ಟು ನಮ್ಮ ಸೈನ್ಯ. ಕಲಿಸುವುದಕ್ಕೆ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರು ವಾರಕ್ಕೆ ಮೂರು ದಿನ ಬರುತ್ತಿದ್ದರು. ನನ್ನ ಕೆಲಸ ಹಾಜರಿ ತೆಗೆದುಕೊಳ್ಳುವುದು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆಯೇ ನೋಡುವುದು, ಬಿಸಿಲಿಗೆ ತಲೆ ತಿರುಗಿ ಕೂತವರಿಗೆ ನೀರು ಕೊಡುವುದು. ನೀರಿನ ಕೊಡದ ಪಕ್ಕದಲ್ಲಿ ನಿಂತು ಎಷ್ಟೋ ವರ್ಷ ಆ ಎಂಟು ಜೋಡಿ ಕೈಗಳನ್ನು ನೋಡಿದ್ದೇನೆ.

ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಒಂದು ವಿಚಿತ್ರ. ಬಲಗೈ ಕಡ್ಡಿಯನ್ನು ಎಲ್ಲರೂ ಹಿಡಿಯುವ ಹಾಗೆ, ಅಂಗೈ ಕೆಳಗೆ ಮಾಡಿ, ಬಾಗಿಲು ತಟ್ಟುವವರಂತೆ ಹಿಡಿದಿರುತ್ತದೆ. ಎಡಗೈ ಹಾಗಲ್ಲ. ಅಲ್ಲಿ ಅಂಗೈ ಮೇಲುಮುಖ. ಕಡ್ಡಿ ಹೆಬ್ಬೆರಳು ತೋರುಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಂಡು, ಉಂಗುರದ ಬೆರಳಿನ ಮೇಲೆ ಮಲಗಿರುತ್ತದೆ. ಪೆಟ್ಟು ಹಾಕುವಾಗ ಮಣಿಕಟ್ಟು ಮೇಲೆ ಕೆಳಗೆ ಆಡುವುದಿಲ್ಲ, ಮುಂಗೈ ಬೀಗದ ಕೈ ತಿರುಗಿಸುವ ಹಾಗೆ ಹೊರಳುತ್ತದೆ. ಇದಕ್ಕೆ ಟ್ರೆಡಿಶನಲ್ ಗ್ರಿಪ್ ಎನ್ನುತ್ತಾರೆ. ನಾನು ಹಳೆಯ ಹಿಡಿತ ಎನ್ನುತ್ತೇನೆ. ಎರಡೂ ಕೈ ಒಂದೇ ರೀತಿ, ಅಂಗೈ ಕೆಳಗಾಗಿ ಹಿಡಿದರೆ ಅದು ಮ್ಯಾಚ್ಡ್ ಗ್ರಿಪ್. ಅದನ್ನು ಸಮ ಹಿಡಿತ ಎನ್ನೋಣ.

ಒಂದೇ ಚರ್ಮದ ಮೇಲೆ ಒಂದೇ ಸದ್ದು ಮಾಡುವುದಕ್ಕೆ ಎರಡು ಕೈಗೆ ಎರಡು ರೀತಿ ಏಕೆ? ನಮ್ಮ ಮೃದಂಗದಲ್ಲಿ ಎಡ ಬಲಗಳ ಕೆಲಸ ಬೇರೆಯೇ. ಒಂದು ಕಡೆ ಕರಣೆ ಹಾಕಿದ ಬಲ, ಇನ್ನೊಂದು ಕಡೆ ಮಂದ್ರದ ತೊಪ್ಪಿ. ಮುಖ ಬೇರೆ, ಆದ್ದರಿಂದ ಕೈಯೂ ಬೇರೆ. ಡೊಳ್ಳಿನವರು ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಬರಿಯ ಅಂಗೈಯಿಂದ ಬಡಿಯುವುದಕ್ಕೂ ಕಾರಣವನ್ನು ಕಿವಿಯೇ ಹೇಳುತ್ತದೆ. ಸೈಡ್ ಡ್ರಮ್ಮಿನಲ್ಲಿ ಕಾರಣ ಕಿವಿಯಲ್ಲಿಲ್ಲ, ಹೆಗಲಿನಲ್ಲಿದೆ.

ಸೈಡ್ ಡ್ರಮ್ ಎಂಬ ಹೆಸರೇ ಹೇಳುವಂತೆ ಅದು ಪಕ್ಕಕ್ಕೆ ತೂಗುವ ವಾದ್ಯ. ಯುರೋಪಿನ ಕಾಲಾಳು ಸೈನಿಕರು ಬಲ ಹೆಗಲಿನಿಂದ ಒಂದು ಪಟ್ಟಿ ಇಳಿಬಿಟ್ಟು ಡ್ರಮ್ಮನ್ನು ಎಡ ತೊಡೆಯ ಮೇಲೆ ನೇತುಹಾಕಿಕೊಂಡು ನಡೆಯುತ್ತಿದ್ದರು. ಹಾಗೆ ತೂಗುಬಿಟ್ಟ ಡ್ರಮ್ಮು ಸಮವಾಗಿ ನಿಲ್ಲುವುದಿಲ್ಲ. ಎಡದ ಅಂಚು ಮೇಲೆದ್ದು ಮುಖ ಬಲಕ್ಕೆ ಇಳಿಜಾರಾಗುತ್ತದೆ. ಆಗ ಎಡಗೈಯನ್ನೂ ಬಲಗೈಯಂತೆಯೇ ಹಿಡಿದರೆ, ಮೊಣಕೈಯನ್ನು ಕೋಳಿ ರೆಕ್ಕೆ ಎತ್ತಿದ ಹಾಗೆ ಎತ್ತಿಕೊಂಡೇ ಮೈಲಿಗಟ್ಟಲೆ ನಡೆಯಬೇಕು, ಇಲ್ಲವಾದರೆ ಕಡ್ಡಿ ಅಂಚಿಗೆ ತಾಗುತ್ತದೆ. ಅಂಗೈ ಮೇಲೆ ಮಾಡಿದರೆ ತೋಳು ಮೈಗೆ ಆತು ಆರಾಮಾಗಿ ನಿಲ್ಲುತ್ತದೆ. ಯಾವ ಶಾಸ್ತ್ರವೂ ಅಲ್ಲ, ಯಾವ ಗುಟ್ಟೂ ಅಲ್ಲ. ಓರೆಯಾದ ಡ್ರಮ್ಮಿಗೆ ಓರೆಯಾದ ಕೈ.

ಆದರೆ ಆ ಓರೆ ಕೈಯಿಂದ ಒಂದು ವಿದ್ಯೆಯೇ ಬೆಳೆಯಿತು. ಸೈನಿಕರ ನಡಿಗೆಗೆ ಡ್ರಮ್ಮಿನ ಪೆಟ್ಟು ಹೇಗಿರಬೇಕೆಂದು ಫ್ರಾನ್ಸಿನ ತುವಾನೊ ಆರ್ಬೊ ಎಂಬ ಪಾದ್ರಿ 1589ರಲ್ಲಿ ಅಚ್ಚಾದ ತಮ್ಮ ನೃತ್ಯದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ ಚಾರ್ಲ್ಸ್ ಆಶ್‌ವರ್ತ್ ಎಂಬುವರು 1812ರಲ್ಲಿ ಡ್ರಮ್ಮಿನ ಪಾಠಗಳನ್ನು ಕ್ರಮವಾಗಿ ಜೋಡಿಸಿ ಪ್ರಕಟಿಸಿದರು. ಸಂಗೀತ ಕಲಿಯುವ ಮಕ್ಕಳಿಗೆ ಸರಳೆ, ಜಂಟಿ ಇದ್ದ ಹಾಗೆ ಡ್ರಮ್ಮಿಗೆ ರುಡಿಮೆಂಟ್ ಎಂಬ ಮೂಲ ಪಾಠಗಳಿವೆ. 1933ರಲ್ಲಿ ಅಲ್ಲಿ ಹುಟ್ಟಿದ ವಾದಕರ ಸಂಘವೊಂದು ಅವುಗಳಲ್ಲಿ 26ನ್ನು ಆರಿಸಿ ಗಟ್ಟಿ ಮಾಡಿತು. ಈಗ ಸಾಮಾನ್ಯವಾಗಿ ಕಲಿಸುವ ಪಟ್ಟಿಯಲ್ಲಿ 40 ಇವೆ. ಎಡಗೈ ದುರ್ಬಲವಾಗಿ ಉಳಿಯಬಾರದೆಂದು ಜಾರ್ಜ್ ಲಾರೆನ್ಸ್ ಸ್ಟೋನ್ 1935ರಲ್ಲಿ ಬರೆದ ‘ಸ್ಟಿಕ್ ಕಂಟ್ರೋಲ್’ ಎಂಬ ಅಭ್ಯಾಸದ ಪುಸ್ತಕವನ್ನು ಇಂದಿಗೂ ಮಕ್ಕಳ ಮುಂದೆ ತೆರೆದಿಡುತ್ತಾರೆ. ಬ್ರಿಟಿಷರ ಪಲ್ಟನ್ನುಗಳ ಜೊತೆ ಈ ಡ್ರಮ್ಮು, ಪಟ್ಟಿ, ಹಿಡಿತ ಮೂರೂ ನಮ್ಮ ದೇಶಕ್ಕೆ ಬಂದವು. ಪಲ್ಟನ್ನಿನಿಂದ ಪೊಲೀಸ್ ಬ್ಯಾಂಡಿಗೆ, ಅಲ್ಲಿಂದ ಆಗಸ್ಟ್ 15ರ ಶಾಲಾ ಮೈದಾನಕ್ಕೆ ಇಳಿದವು.

ಆಮೇಲೆ ಅಮೆರಿಕದ ಬ್ಯಾಂಡುಗಳು ಪಟ್ಟಿಯನ್ನು ಬಿಟ್ಟು ಎರಡೂ ಭುಜದ ಮೇಲೆ ಕೂರುವ ಲೋಹದ ಕ್ಯಾರಿಯರ್‌ಗೆ ಬಂದವು. ಡ್ರಮ್ಮು ಹೊಟ್ಟೆಯ ಮುಂದೆ ಊಟದ ಮೇಜಿನಂತೆ ಸಮವಾಗಿ ನಿಂತಿತು. ಓರೆ ಹೋಯಿತು, ಓರೆ ಕೈಗೆ ಇದ್ದ ಕಾರಣವೂ ಹೋಯಿತು. ಮೆರವಣಿಗೆಯ ಆಚೆ, ಕುಳಿತು ಬಾರಿಸುವವರಲ್ಲೂ ಗಾಳಿ ತಿರುಗಿತ್ತು. 1964ರ ಫೆಬ್ರವರಿ 9ರಂದು ಎಡ್ ಸಲ್ಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ತಂಡ ಹಾಡಿದ್ದನ್ನು ಏಳು ಕೋಟಿಗೂ ಹೆಚ್ಚು ಜನ ನೋಡಿದರು. ಅಂದು ರಿಂಗೊ ಸ್ಟಾರ್ ಎರಡೂ ಕೈಯಲ್ಲಿ ಸಮ ಹಿಡಿತದಿಂದ ಬಾರಿಸಿದ್ದನ್ನು ಕಂಡ ಹುಡುಗರು ಅದನ್ನೇ ಹಿಡಿದರು. ಬಡ್ಡಿ ರಿಚ್‌ರಂಥ ಜಾಝ್ ಮಹಾರಥಿಗಳು ಮಾತ್ರ ಹಳೆಯದನ್ನು ಬಿಡಲಿಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ಕೂಡ ಹಳೆಯ ಹಿಡಿತದವರೇ. ಅವರು 2021ರಲ್ಲಿ ತೀರಿಕೊಂಡರು.

ಇನ್ನೂ ಸ್ವಾರಸ್ಯದ ಸಂಗತಿ ಮೆರವಣಿಗೆಯ ತಂಡಗಳಲ್ಲಿದೆ. ಅಮೆರಿಕದಲ್ಲಿ 1972ರಿಂದ ನಡೆದುಬಂದಿರುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸ್ಪರ್ಧೆಗಳಲ್ಲಿ ಎರಡೂ ಹಿಡಿತದ ಸಾಲುಗಳು ಕಾಣುತ್ತವೆ. ಸಮವಾದ ಕ್ಯಾರಿಯರ್ ಇದ್ದೂ ಹಳೆಯ ಹಿಡಿತವನ್ನೇ ಕಲಿಸುವ ತಂಡಗಳಿವೆ. ಅದೇ ತಂಡದಲ್ಲಿ, ಪಕ್ಕದಲ್ಲೇ, ನಾಲ್ಕೈದು ಡ್ರಮ್ಮು ಒಟ್ಟಿಗೆ ಹೊತ್ತ ಟೆನರ್ ವಾದಕರು ಎರಡೂ ಕೈ ಸಮವಾಗಿಯೇ ಹಿಡಿದಿರುತ್ತಾರೆ. ಹಳೆಯ ಹಿಡಿತ ಸ್ನೇರ್ ಎಂದು ಕರೆಯುವ ಸೈಡ್ ಡ್ರಮ್ಮಿನವರಿಗೆ ಮಾತ್ರ. ಕೆಲವು ಕಡೆ ಸಮವಾಗಿ ನಿಲ್ಲಬಲ್ಲ ಡ್ರಮ್ಮನ್ನು ಬೇಕೆಂದೇ ಓರೆ ಮಾಡಿ ಕಟ್ಟಿಕೊಳ್ಳುವವರೂ ಇದ್ದಾರೆ. ಮೊದಲು ಡ್ರಮ್ಮಿನ ಓರೆಗಾಗಿ ಕೈ ತಿರುಗಿತ್ತು, ಈಗ ಕೈಗಾಗಿ ಡ್ರಮ್ಮು ಓರೆಯಾಗುತ್ತಿದೆ!

ಇಲ್ಲಿಗೆ ಬಂದಾಗ ನಿಮಗೆ ಶ್ರಾದ್ಧದ ಬೆಕ್ಕಿನ ಕತೆ ನೆನಪಾಗಿರಬೇಕು. ಅಡುಗೆಗೆ ಬಾಯಿ ಹಾಕೀತೆಂದು ಹಿರಿಯರು ಶ್ರಾದ್ಧದ ದಿನ ಮನೆಯ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿಟ್ಟರು. ಅದನ್ನು ಕಂಡು ಬೆಳೆದ ಮಗ, ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಪಕ್ಕದ ಮನೆಯಿಂದ ತಂದು ಬುಟ್ಟಿಯಡಿ ಹಾಕಿ ಶ್ರಾದ್ಧ ಮಾಡಿದ. ನಾನೂ ತರಗತಿಯಲ್ಲಿ ಈ ಕತೆ ಹೇಳಿ ಮಕ್ಕಳನ್ನು ನಗಿಸಿದ್ದೇನೆ. ಆದರೆ ಕತೆ ಒಂದು ಮಾತನ್ನು ಸುಲಭ ಮಾಡಿಬಿಡುತ್ತದೆ. ಬುಟ್ಟಿಯಡಿಯ ಬೆಕ್ಕಿನಿಂದ ಯಾವ ಚೆಲುವೂ ಹುಟ್ಟಲಿಲ್ಲ, ಯಾವ ವಿದ್ಯೆಯೂ ಬೆಳೆಯಲಿಲ್ಲ. ಹಳೆಯ ಹಿಡಿತದಿಂದ ಎರಡೂ ಆದವು. ಕೊಡಗಿನ ಹೆಣ್ಣುಮಕ್ಕಳು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುತ್ತಾರೆ. ಕಾವೇರಿಯ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತೆಂದು ಐತಿಹ್ಯ. ಈಗ ಅವರನ್ನು ನಿಲ್ಲಿಸಿ ನದಿ ಎಲ್ಲಿ, ರಭಸ ಎಲ್ಲಿ ಎಂದು ಕೇಳುವವನನ್ನು ನಾವು ವಿಚಾರವಾದಿ ಎನ್ನುವುದಿಲ್ಲ, ಅರಸಿಕ ಎನ್ನುತ್ತೇವೆ. ಹುಟ್ಟಿದ ಕಾರಣ ಹೋದ ಮೇಲೂ ಬದುಕುವ ಹಕ್ಕು ಒಂದು ಪದ್ಧತಿಗೆ ಇರಬಹುದು.

ಹಾಗಾದರೆ ಇರುವುದನ್ನೆಲ್ಲ ಇಟ್ಟುಕೊಳ್ಳೋಣವೇ? ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವುದು ಬೇಡ ಎಂಬ ಗಾದೆಯೂ ನಮ್ಮದೇ. ಎರಡರ ನಡುವೆ ಗೆರೆ ಎಲ್ಲಿ ಎಂಬುದು ನನ್ನ ಪ್ರಶ್ನೆ. ಇದು ನನಗೆ ಪುಸ್ತಕದ ಪ್ರಶ್ನೆಯಾಗಿ ಬರಲಿಲ್ಲ, ಬ್ಯಾಂಡಿನ ಹುಡುಗರ ಜೊತೆ ಬಂತು.

ನಮ್ಮ ಬ್ಯಾಂಡ್ ಮೇಷ್ಟ್ರು ಹಳೆಯ ಹಿಡಿತದವರು. ಏಕೆ ಹೀಗೆ ಎಂದು ಮಕ್ಕಳು ಕೇಳಿದರೆ, “ಡ್ರಮ್ಮು ಅಂದ್ರೆ ಹಿಂಗೇ ಕಣಯ್ಯ, ಹಿಂಗೆ ಬರದೋನು ಡ್ರಮ್ಮರ್ರೇ ಅಲ್ಲ” ಎನ್ನುತ್ತಿದ್ದರು. ಹೊಸದಾಗಿ ಬಂದ ದೈಹಿಕ ಶಿಕ್ಷಕರು ಇಪ್ಪತ್ತೇಳರ ಹರೆಯದವರು. ಮೊಬೈಲಿನಲ್ಲಿ ಅಮೆರಿಕದ ತಂಡಗಳನ್ನು ನೋಡಿದವರು. “ಪ್ರಪಂಚವೇ ಬಿಟ್ಟಿದೆ ಮೇಡಂ, ನಾವು ಇನ್ನೂ ಬ್ರಿಟಿಷರ ಕಾಲದಲ್ಲಿದ್ದೇವೆ, ಸಮ ಹಿಡಿತಕ್ಕೆ ಬದಲಾಯಿಸಬೇಕು” ಎಂದು ಪಟ್ಟು ಹಿಡಿದರು. ಇಬ್ಬರೂ ನನ್ನನ್ನು ಪಂಚಾಯಿತಿಗೆ ಕೂರಿಸಿದರು. ಸಂಗೀತ ಬಾರದವಳಿಗೆ ತೀರ್ಪಿನ ಕೆಲಸ!

ನನಗೆ ತೋಚಿದ್ದು ಒಂದೇ. ಸ್ಟೋರ್ ರೂಮಿಗೆ ಹೋಗಿ ಡ್ರಮ್ಮು ತರಿಸಿ ಒಬ್ಬ ಹುಡುಗನ ಹೆಗಲಿಗೆ ಹಾಕಿಸಿದೆ. ನಮ್ಮದು ಹಳೆಯ ಪಟ್ಟಿಯ ಡ್ರಮ್ಮು. ಹುಡುಗ ನಿಂತ ಕೂಡಲೇ ಅದು ಎಡ ತೊಡೆಗೆ ಆತು ಬಲಕ್ಕೆ ಓರೆಯಾಯಿತು. ಸಮ ಹಿಡಿತದಲ್ಲಿ ಬಾರಿಸು ಎಂದಾಗ ಅವನ ಎಡ ಮೊಣಕೈ ಮೇಲೆದ್ದು ಪಕ್ಕದವನ ಪಕ್ಕೆಗೆ ತಿವಿಯಿತು. ಮಕ್ಕಳು ನಕ್ಕರು. ನೋಡಿ, ಹಳೆಯದಕ್ಕೆ ನಿಜವಾದ ಕಾರಣ ನಮ್ಮ ಸ್ಟೋರ್ ರೂಮಿನಲ್ಲಿ ಇನ್ನೂ ಬದುಕಿತ್ತು. ಅಮೆರಿಕದಲ್ಲಿ ಸತ್ತದ್ದು ಇಲ್ಲಿ ಸತ್ತಿರಲಿಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಫಾಸ್ನಾಖ್ಟ್ ಹಬ್ಬದಲ್ಲೂ ಡ್ರಮ್ಮು ಹೀಗೆಯೇ ಪಕ್ಕಕ್ಕೆ ತೂಗುತ್ತದೆ, ಎಡಗೈ ಹೀಗೆಯೇ ತಿರುಗುತ್ತದೆ. ಯುನೆಸ್ಕೊ 2017ರಲ್ಲಿ ಆ ಹಬ್ಬವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ಯಾರೂ ಬೆಕ್ಕು ಮುಚ್ಚುತ್ತಿಲ್ಲ.

ಹಳೆಯದು ಹಳೆಯದಾದ್ದರಿಂದ ಸರಿ ಎಂದವರೂ ಡ್ರಮ್ಮನ್ನು ನೋಡಿರಲಿಲ್ಲ, ಹೊಸದು ಹೊಸದಾದ್ದರಿಂದ ಸರಿ ಎಂದವರೂ ನೋಡಿರಲಿಲ್ಲ. ಒಬ್ಬರು ತಮ್ಮ ಪಲ್ಟನ್ನನ್ನು ನೋಡುತ್ತಿದ್ದರು, ಇನ್ನೊಬ್ಬರು ಮೊಬೈಲನ್ನು. ಪರಂಪರೆ, ಪ್ರಗತಿ ಎಂದು ನಾವು ವೇದಿಕೆಯ ಮೇಲೆ ಆಡುವ ಜಗಳಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಇರುತ್ತವೆಯೇನೋ. ಎದುರಿಗಿರುವ ವಸ್ತು ಯಾವ ಕಡೆ ವಾಲಿದೆ ಎಂದು ಬಗ್ಗಿ ನೋಡುವವರಿಲ್ಲ.

ಅಂದಿಗೆ ಹಳೆಯ ಹಿಡಿತವೇ ಉಳಿಯಿತು. ಆದರೆ ಮರುವರ್ಷ ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಎಂಟು ಹೊಸ ಡ್ರಮ್ಮುಗಳನ್ನು ಕ್ಯಾರಿಯರ್ ಸಮೇತ ಕಳುಹಿಸಿಕೊಟ್ಟರು. ಡ್ರಮ್ಮುಗಳು ಸಮವಾಗಿ ನಿಂತವು. ಈಗ ಪ್ರಶ್ನೆ ನಿಜಕ್ಕೂ ನಮ್ಮದಾಯಿತು.

ಅದೇ ವರ್ಷ ಎಂಟನೆಯ ಡ್ರಮ್ಮಿಗೆ ಜಾಗ ಖಾಲಿಯಾಗಿ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೆಸರು ಕೊಟ್ಟಳು. ತಾಳಜ್ಞಾನ ಚೆನ್ನಾಗಿತ್ತು, ಬೆಂಚಿನ ಮೇಲೆ ಬೆರಳಲ್ಲೇ ಪಾಠವೆಲ್ಲ ನುಡಿಸುತ್ತಿದ್ದಳು. ಆದರೆ ಚಿಕ್ಕವಳಿದ್ದಾಗ ಹುಣಸೆ ಮರದಿಂದ ಬಿದ್ದು ಎಡ ಮುಂಗೈ ಮುರಿದು ಕೂಡಿಕೊಂಡಿತ್ತು. ಆ ಅಂಗೈ ಪೂರ್ತಿ ಮೇಲಕ್ಕೆ ತಿರುಗುತ್ತಿರಲಿಲ್ಲ. ಬೊಗಸೆಯೊಡ್ಡಿದರೆ ಎಡಗಡೆಯಿಂದ ನೀರು ಸೋರಿಹೋಗುತ್ತಿತ್ತು. ನೀರಿನ ಕೊಡದ ಪಕ್ಕ ನಿಲ್ಲುವ ನನಗೆ ಅದು ಗೊತ್ತಿತ್ತು. ಹಳೆಯ ಹಿಡಿತ ಅವಳಿಗೆ ಬರಲು ಸಾಧ್ಯವೇ ಇರಲಿಲ್ಲ. ಸಮ ಹಿಡಿತದಲ್ಲಿ ಅವಳ ಎರಡು ಕೈಗೆ ಏನೂ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ಕರುಣೆಯಿಂದಲೇ, “ಅವ್ಳಿಗೆ ತಾಳ ಕೊಟ್ಬಿಡೋಣ ಮೇಡಂ” ಎಂದರು.

ಇದು ಹಿಡಿತದ ಪ್ರಶ್ನೆ ಮಾತ್ರವಾಗಿದ್ದರೆ ಅವರವರಿಗೆ ಬೇಕಾದ ಹಾಗೆ ಹಿಡಿಯಲಿ ಎನ್ನಬಹುದಿತ್ತು. ಒಬ್ಬರೇ ಕುಳಿತು ಬಾರಿಸುವವರಿಗೆ ಆ ಸ್ವಾತಂತ್ರ್ಯ ಇದೆ. ಮೆರವಣಿಗೆಯ ಸಾಲಿಗೆ ಇಲ್ಲ. ಸಾಲಿನಲ್ಲಿ ಎಂಟು ಜನ ಒಂದೇ ಎತ್ತರಕ್ಕೆ ಕಡ್ಡಿ ಎತ್ತಿ, ಒಂದೇ ಕ್ಷಣಕ್ಕೆ ಇಳಿಸಿ, ಒಬ್ಬನೇ ಬಾರಿಸಿದಂತೆ ಕೇಳಿಸಬೇಕು, ಕಾಣಿಸಬೇಕು. ಸಾಲಿನ ಸೊಗಸೇ ಅದು. ಹುಡುಗಿಗೆ ಮಾತ್ರ ವಿನಾಯಿತಿ ಕೊಡೋಣ ಎಂದೆ. ಅವಳು ತಲೆ ತಗ್ಗಿಸಿ, “ಎಲ್ಲರ ಥರ ಇದ್ರೆ ಇರ್ತೀನಿ ಮಿಸ್. ನಾನೊಬ್ಳೇ ಬೇರೆ ಆದ್ರೆ ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ” ಎಂದಳು. ವಿನಾಯಿತಿಯೂ ಒಂದು ಬಗೆಯ ಗಾಯವೆಂದು ಹದಿನಾಲ್ಕು ವರ್ಷದ ಮಗು ಹೇಳಿದಾಗ ನಾವು ದೊಡ್ಡವರು ಸುಮ್ಮನಾಗಬೇಕಾಗುತ್ತದೆ.

ಹಾಗಾದರೆ ಉಳಿದ ಏಳು ಜನ ಬದಲಾಗಬೇಕು. ಏಳು ಜನರಿಗೆ ಅದನ್ನು ಕೇಳುವುದು ನ್ಯಾಯವೇ? ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾರಿಸುತ್ತಿದ್ದ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ, “ಎರಡು ವರ್ಷ ಬೆರಳು ಬೊಬ್ಬೆ ಬರ್ಸ್ಕೊಂಡು ಕಲ್ತಿದ್ದೀನಿ ಮಿಸ್. ಈಗ ಬದಲಾಯ್ಸಿದ್ರೆ ನನ್ನ ರೋಲ್ ಹೋಗುತ್ತೆ.” ಕಡ್ಡಿಯ ಪೆಟ್ಟುಗಳು ಒಂದಕ್ಕೊಂದು ಅಂಟಿ ಮಳೆ ಸುರಿದಂತೆ ಕೇಳುವ ನುಡಿತಕ್ಕೆ ರೋಲ್ ಎನ್ನುತ್ತಾರೆ. ಅವನ ಮಾತು ಸ್ವಾರ್ಥವಲ್ಲ. ಶ್ರಮಪಟ್ಟು ಗಳಿಸಿದ್ದು ಅವನದು. ಒಬ್ಬರ ಕಷ್ಟವನ್ನು ಇನ್ನೊಬ್ಬರ ಗಳಿಕೆಯಿಂದ ತೀರಿಸುವಾಗ ಕೊಡುವವನಿಗೂ ನೋವಿದೆ ಎಂಬುದನ್ನು ನ್ಯಾಯ ಹೇಳುವವರು ಮರೆಯಬಾರದು.

ಆ ವಾರವೆಲ್ಲ ಯೋಚಿಸಿದೆ. ಒಂದು ಪದ್ಧತಿಯನ್ನು ಉಳಿಸಿಕೊಳ್ಳಲು ಮನುಷ್ಯರು ಕೊಡುವ ಕಾರಣಗಳು ನನಗೆ ಮೂರು ಬಗೆಯಾಗಿ ಕಂಡವು. ಮೊದಲನೆಯದು ಉಪಯೋಗ. ಡ್ರಮ್ಮು ಓರೆಯಾಗಿದೆ, ಆದ್ದರಿಂದ ಕೈ ಹೀಗೆ. ಇದಕ್ಕೆ ಎದುರು ಮಾತಿಲ್ಲ, ಆದರೆ ಡ್ರಮ್ಮು ಸಮವಾದ ದಿನ ಇದು ಮುಗಿಯುತ್ತದೆ. ಎರಡನೆಯದು ಚೆಲುವು ಮತ್ತು ನೆನಪು. ಹಿಂದಿನವರು ಹೀಗೆ ಬಾರಿಸುತ್ತಿದ್ದರು, ಹೀಗೆ ಬಾರಿಸಿದರೆ ನೋಡಲು ಸೊಗಸು, ಅವರ ಜೊತೆ ನಾವೂ ನಡೆದಂತೆ ಅನ್ನಿಸುತ್ತದೆ. ಇದೂ ಒಳ್ಳೆಯ ಕಾರಣವೇ. ಆದರೆ ಇದು ಒಲಿಸಬಹುದಾದ ಕಾರಣ, ಹೇರಬಹುದಾದ್ದಲ್ಲ.

ಮೂರನೆಯದು ಜರಡಿ. ಹೀಗೆ ಬರದವನು ನಮ್ಮವನಲ್ಲ. ಇಲ್ಲಿ ಪದ್ಧತಿಯ ಕೆಲಸ ಸಂಗೀತವೂ ಅಲ್ಲ, ನೆನಪೂ ಅಲ್ಲ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಬೇರೆ ಮಾಡುವುದಷ್ಟೇ ಅದಕ್ಕೆ ಉಳಿದ ಕೆಲಸ. ವಿಪರ್ಯಾಸವೆಂದರೆ ಉಪಯೋಗ ಸತ್ತ ಪದ್ಧತಿಯೇ ಒಳ್ಳೆಯ ಜರಡಿಯಾಗುತ್ತದೆ. ಉಪಯೋಗವಿದ್ದರೆ ಯಾರು ಬೇಕಾದರೂ ಕಾರಣ ತಿಳಿದು ಕಲಿತುಬಿಡುತ್ತಾರೆ. ಕಾರಣವಿಲ್ಲದ ಕಷ್ಟವನ್ನು ಪ್ರಶ್ನೆ ಕೇಳದೆ ಹೊತ್ತವರು ಮಾತ್ರ ಜರಡಿಯಲ್ಲಿ ಉಳಿಯುತ್ತಾರೆ. ಆಮೇಲೆ ಅವರೇ ಮುಂದಿನವರಿಗೆ ಜರಡಿ ಹಿಡಿಯುತ್ತಾರೆ.

ಎಡಗೈಯ ಮಕ್ಕಳ ಕತೆ ಇದೇ ಅಲ್ಲವೇ? ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಎಡಗೈಯಲ್ಲಿ ಬಳಪ ಹಿಡಿದ ಗೆಳತಿಯ ಬೆರಳ ಗೆಣ್ಣಿಗೆ ರೂಲುಕಡ್ಡಿಯಿಂದ ಹೊಡೆಯುತ್ತಿದ್ದರು. ಎಡಗೈಯಲ್ಲಿ ಬರೆದರೆ ಅಕ್ಷರಕ್ಕೆ ಏನು ಕುಂದು ಎಂದು ಯಾರೂ ಹೇಳಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ರಿಂಗೊ ಸ್ಟಾರ್ ಕೂಡ ಎಡಗೈಯವರು. ಎಡಗೈ ಒಳ್ಳೆಯದಲ್ಲವೆಂದು ಅಜ್ಜಿ ಬಲಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ. ಬಲಗೈಯವರಿಗಾಗಿ ಜೋಡಿಸಿದ ಡ್ರಮ್ಮುಗಳ ಮುಂದೆ ಎಡಗೈಯವರೊಬ್ಬರು ಕುಳಿತದ್ದರಿಂದಲೇ ಅವರ ನುಡಿತಕ್ಕೆ ಒಂದು ಬೇರೆ ಬಾಗು ಬಂತೆಂದು ಬಲ್ಲವರು ಮೆಚ್ಚುತ್ತಾರೆ. ಆದರೆ ಅದನ್ನು ಅಜ್ಜಿಯ ಖಾತೆಗೆ ಜಮಾ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕೆಲವು ಮಕ್ಕಳು ಅಡ್ಡಿಯನ್ನೇ ಸೊಗಸು ಮಾಡಿಕೊಳ್ಳುತ್ತಾರೆ, ಅದು ಅವರ ದೊಡ್ಡತನ. ಜರಡಿಯಲ್ಲಿ ಉದುರಿಹೋದವರು ಎಷ್ಟೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಸಮವಾಗಿ ನಿಲ್ಲುವ ಹೊಸ ಡ್ರಮ್ಮಿಗೆ ಸಮ ಹಿಡಿತ. ಓರೆಯಾಗಿ ತೂಗುವ ಹಳೆಯ ಡ್ರಮ್ಮಿಗೆ ಹಳೆಯ ಹಿಡಿತ. ಸ್ವಾತಂತ್ರ್ಯ ದಿನದ ಸಾಲು ಹೊಸ ಡ್ರಮ್ಮಿನದು, ಅದರಲ್ಲಿ ಆ ಹುಡುಗಿಯೂ ಒಬ್ಬಳು. ಬಾವುಟ ಏರಿಸುವ ಮುನ್ನ ಎಲ್ಲರನ್ನೂ ಸುಮ್ಮನಾಗಿಸುವ ಒಂಟಿ ಡ್ರಮ್ಮಿನ ಕರೆ ಮಾತ್ರ ಪಟ್ಟಿಯ ಡ್ರಮ್ಮಿನಲ್ಲಿ, ಹಳೆಯ ಹಿಡಿತದಲ್ಲಿ. ಅದು ರೋಲ್ ಕಳೆದುಕೊಳ್ಳಲಾರೆನೆಂದ ಹುಡುಗನ ಪಾಲು. ಕರೆ ಮುಗಿಸಿ ಅವನೂ ಕ್ಯಾರಿಯರ್ ಹೊತ್ತು ಸಾಲಿಗೆ ಬಂದು ನಿಲ್ಲಬೇಕು. ಶನಿವಾರ ಬೆಳಿಗ್ಗೆ ಹಳೆಯ ಹಿಡಿತದ ಪಾಠ ಮುಂದುವರಿಯುತ್ತದೆ, ಬೇಕಾದವರು ಬರಬಹುದು.

ಎಲ್ಲ ಸುಖಾಂತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ಆಗಸ್ಟಿನಲ್ಲಿ ನಮ್ಮ ಸಾಲಿನ ರೋಲ್ ಮಳೆಯಂತೆ ಕೇಳಲಿಲ್ಲ, ತಗಡಿನ ಮೇಲೆ ಹುರುಳಿ ಸುರಿದಂತೆ ಕೇಳಿತು. ಪ್ರತಿವರ್ಷ ನಮಗೆ ಬರುತ್ತಿದ್ದ ತಾಲ್ಲೂಕಿನ ಮೊದಲ ಬಹುಮಾನ ಬೇರೆ ಶಾಲೆಗೆ ಹೋಯಿತು. ಆ ಹುಡುಗ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈ ಬೆಲೆಯೆಲ್ಲ ಒಬ್ಬ ಹುಡುಗಿಗಾಗಿ ಕೊಡಬೇಕಿತ್ತೇ ಎಂದು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದವರಿದ್ದರು. ನನ್ನ ಉತ್ತರ ಆಗಲೂ ಈಗಲೂ ಒಂದೇ. ಬಹುಮಾನ ಬೇಡವೆನ್ನುವಷ್ಟು ಸಂನ್ಯಾಸಿ ನಾನಲ್ಲ. ಆದರೆ ಶಾಲೆಯ ಬ್ಯಾಂಡು ಪಲ್ಟನ್ನಲ್ಲ. ಪಲ್ಟನ್ನು ಸಾಲಿಗಾಗಿ ಆಳನ್ನು ಆರಿಸಿಕೊಳ್ಳುತ್ತದೆ. ಶಾಲೆಗೆ ಮಕ್ಕಳು ಮೊದಲೇ ಬಂದು ಕುಳಿತಿರುತ್ತಾರೆ, ಸಾಲನ್ನು ಆಮೇಲೆ ಕಟ್ಟುತ್ತೇವೆ. ಇದ್ದ ಮಕ್ಕಳನ್ನು ಹಿಡಿಸುವಂಥ ಸಾಲು ಕಟ್ಟುವುದೇ ನಮ್ಮ ಕಸುಬು.

ಮೇಷ್ಟ್ರಿಗೆ ಆದ ನೋವು ಬೇರೆ ತರಹದ್ದು. ಒಂದು ಸಂಜೆ ಕಡ್ಡಿಗಳನ್ನು ಚೀಲಕ್ಕೆ ತುಂಬುತ್ತ, “ಹಂಗಾದ್ರೆ ನಾನು ಕಲ್ತಿದ್ದೂ ಕಲ್ಸಿದ್ದೂ ಎಲ್ಲ ದಂಡಾನಾ ಮೇಡಂ?” ಎಂದು ಕೇಳಿದರು. ದ್ವೇಷವಿಲ್ಲದ ಪ್ರಶ್ನೆ. ವಯಸ್ಸಾಗುತ್ತ ಬಂದ ಯಾರಾದರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ. ನಾನು ಕಲಿಸುವ ಹಳಗನ್ನಡದ ಬಗ್ಗೆ ನನ್ನ ಮಗನೇ ಇದನ್ನು ಕೇಳಿದ್ದಾನೆ. “ದಂಡ ಯಾಕಾಗುತ್ತೆ ಮೇಷ್ಟ್ರೇ, ಶನಿವಾರ ಬರೋ ಮಕ್ಕಳಿಗೆ ಇದು ಹೇಗೆ ಹುಟ್ಟಿತು ಅಂತ ಮೊದಲು ಹೇಳಿ, ಆಮೇಲೆ ಕೈ ತಿದ್ದಿ” ಎಂದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆದರೆ ಮುಂದಿನ ಶನಿವಾರ ಹಳೆಯ ಡ್ರಮ್ಮನ್ನು ಒಬ್ಬ ಪುಟ್ಟ ಹುಡುಗನ ಹೆಗಲಿಗೆ ಹಾಕಿ, “ನೋಡು, ಇದು ಎತ್ಲಾಗೆ ವಾಲ್ತು? ಅದಕ್ಕೇ ನಿನ್ನ ಕೈ ಹಿಂಗೆ ತಿರುಗ್ಬೇಕು” ಎನ್ನುತ್ತಿದ್ದರು. ಮೂವರು ಬರುತ್ತಿದ್ದ ಪಾಠಕ್ಕೆ ಆಮೇಲೆ ಐದು ಜನರಾದರು. ಕಾರಣ ಹೇಳಿದರೆ ಗೌರವ ಹೋಗುತ್ತದೆಂದು ನಾವು ಸುಮ್ಮನೆ ಹೆದರುತ್ತೇವೆ.

ಕಾರಣ ಸತ್ತ ಮೇಲೂ ಪದ್ಧತಿ ಬದುಕಬಹುದು, ನನಗೆ ಅದರಲ್ಲಿ ತಕರಾರಿಲ್ಲ. ಕಾರಣ ಇನ್ನೂ ಬದುಕಿದೆ ಎಂದು ನಟಿಸಿ ಅದನ್ನು ಮಕ್ಕಳ ತಲೆಗೆ ಕಟ್ಟಬಾರದು. ಚೆಲುವಿಗಾಗಿ ಇಟ್ಟುಕೊಂಡಿದ್ದರೆ ಚೆಲುವಿಗಾಗಿ ಎನ್ನಬೇಕು. ನೆನಪಿಗಾಗಿ ಎಂದರೆ ಯಾರ ನೆನಪು ಎಂದು ಹೇಳಬೇಕು. ಹೇಳಿದ ಮೇಲೂ ಅದರ ಭಾರ ಯಾವುದೋ ಒಂದು ಸೋರುವ ಬೊಗಸೆಯ ಮೇಲೆ ಬೀಳುತ್ತಿದ್ದರೆ ಅದನ್ನು ಪಕ್ಕಕ್ಕೆ ಸರಿಸಿಡುವಷ್ಟು ಧೈರ್ಯ ಇರಬೇಕು.

ಮೊನ್ನೆ ಆರನೇ ತರಗತಿಯ ಪುಟಾಣಿಯೊಬ್ಬಳು ಪ್ರಾರ್ಥನೆಯ ಸಾಲಿನಲ್ಲಿ ನನ್ನನ್ನು ತಡೆದು, “ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಮೇಲಕ್ಕೆ ಯಾಕೆ ಮಡಚಬೇಕು ಮಿಸ್?” ಎಂದು ಕೇಳಿದಳು. ಶಿಸ್ತು, ಸಂಸ್ಕೃತಿ, ಆರೋಗ್ಯ ಎಂದು ದೊಡ್ಡ ಪದಗಳೆಲ್ಲ ನಾಲಗೆಯ ತುದಿಗೆ ಬಂದು ನಿಂತವು. “ಎಲ್ಲರೂ ಒಂದೇ ಥರ ಇದ್ದರೆ ನಮಗೆ ನೋಡೋದಕ್ಕೆ ಚೆನ್ನಾಗಿರುತ್ತೆ, ಅಷ್ಟೇ” ಎಂದೆ. ಅವಳು ಒಂದು ಗಳಿಗೆ ಯೋಚಿಸಿ, “ಹಂಗಾದ್ರೆ ಸರಿ” ಎಂದು ಓಡಿಹೋದಳು. ಅವಳಿಗೆ ಸರಿ ಎನ್ನಿಸಿತು. ನನಗೆ ಇನ್ನೂ ಯೋಚನೆ ಉಳಿದಿದೆ.